ಇಟ್ಟಿಗೆ ಮನೆಯೊಳಗೊಂದು ದಮಾಸ್ಕಸ್: ಲಂಡನ್ನಿನ ಲೇಟನ್ ಹೌಸ್



ಐತಿಹಾಸಿಕ ಕಟ್ಟಡ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಯಾವುದು? ಕೋಟೆ, ಅರಮನೆ, ಗುಂಬಜ್, ಮಸೀದಿ, ದೇವಾಲಯ. ನಮ್ಮ ಪಠ್ಯಪುಸ್ತಕಗಳಲ್ಲಿರುವುದೂ ಅವೇ. ಒಬ್ಬ ವ್ಯಕ್ತಿ ತಾನು ವಾಸಿಸಲೆಂದು ಕಟ್ಟಿಸಿಕೊಂಡ ಮನೆ ಇತಿಹಾಸದ ಪುಟಕ್ಕೆ ಬರುವುದು ಬಹಳ ಅಪರೂಪ. ಆದರೆ ಮನೆಯ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಓದಲು ಕಲಿತರೆ ಅವು ಕೂಡ ಒಂದು ಕಾಲದ ದಾಖಲೆಗಳೇ. ಅಂತಹ ಒಂದು ಮನೆಯನ್ನು ಈ ಲೇಖನದಲ್ಲಿ ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಅದು ಇರುವುದು ಲಂಡನ್ ನಗರದ ಕೆನ್ಸಿಂಗ್ಟನ್ ಪ್ರದೇಶದ ಹಾಲೆಂಡ್ ಪಾರ್ಕ್ ರಸ್ತೆಯಲ್ಲಿ. ಹೆಸರು ಲೇಟನ್ ಹೌಸ್. ಇಂಗ್ಲೆಂಡಿನ ಕಾನೂನಿನ ಪ್ರಕಾರ ಅದು ಸಂರಕ್ಷಿತ ಕಟ್ಟಡ.

ಇಂಗ್ಲೆಂಡಿನಲ್ಲಿ ಹಳೆಯ ಮನೆಗಳಿಗೆ ಬರವಿಲ್ಲ. ಹಾಗಿರುವಾಗ ಇದನ್ನೇ ಏಕೆ ಆರಿಸಿದೆ ಎಂದು ನೀವು ಕೇಳಬಹುದು. ಈ ಮನೆಯ ಗೋಡೆಯ ಮೇಲೆ ಕುರ್‌ಆನ್‌ನ ಸೂರಾ ಅರ್‌ರಹ್ಮಾನ್‌ನ ಮೊದಲ ಆಯತ್‌ಗಳಿವೆ. ಆ ಗೋಡೆಯ ಟೈಲ್ಸ್ ಬಂದಿರುವುದು ದಮಾಸ್ಕಸ್‌ನಿಂದ. ಮನೆಯ ಒಡೆಯ ಮಾತ್ರ ಒಬ್ಬ ಇಂಗ್ಲಿಷ್ ಚಿತ್ರಕಾರ. ಅವು ಇಲ್ಲಿಗೆ ಬಂದದ್ದು ಹೇಗೆ, ಬರುವಾಗ ಕಳೆದುಕೊಂಡದ್ದೇನು ಎಂಬ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯೊಳಗೆ ಹೋಗೋಣ.

ಮನೆ ಕಟ್ಟಿದವರು

ಫ್ರೆಡರಿಕ್ ಲೇಟನ್ ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಸ್ಕಾರ್ಬರೋ ಎಂಬ ಊರಿನಲ್ಲಿ. ಬೆಳೆದದ್ದು, ಚಿತ್ರಕಲೆ ಕಲಿತದ್ದು ಹೆಚ್ಚಾಗಿ ಯುರೋಪಿನ ಬೇರೆ ಬೇರೆ ನಗರಗಳಲ್ಲಿ. 1855ರಲ್ಲಿ ಅವರ ಒಂದು ದೊಡ್ಡ ಚಿತ್ರವನ್ನು ವಿಕ್ಟೋರಿಯಾ ರಾಣಿಯೇ ಕೊಂಡುಕೊಂಡರು. ಅಲ್ಲಿಂದ ಅವರ ಹೆಸರು ಬೆಳೆಯಿತು. 1878ರಲ್ಲಿ ಅವರು ಇಂಗ್ಲೆಂಡಿನ ಕಲಾವಿದರ ಅತ್ಯುನ್ನತ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಅಧ್ಯಕ್ಷರಾದರು. ಜೀವನಪರ್ಯಂತ ಅವಿವಾಹಿತರಾಗಿಯೇ ಉಳಿದರು.

1864ರಲ್ಲಿ ಲೇಟನ್ ಹಾಲೆಂಡ್ ಪಾರ್ಕಿನ ಬಳಿ ಒಂದು ನಿವೇಶನವನ್ನು ಗುತ್ತಿಗೆಗೆ ಪಡೆದರು. ತಮ್ಮ ಸ್ನೇಹಿತ ಜಾರ್ಜ್ ಏಚಿಸನ್ ಅವರನ್ನೇ ವಾಸ್ತುಶಿಲ್ಪಿಯಾಗಿ ಆರಿಸಿಕೊಂಡರು. 1866ರ ಕೊನೆಗೆ ಮನೆ ವಾಸಕ್ಕೆ ಸಿದ್ಧವಾಯಿತು. ಪಕ್ಕದ ನಿವೇಶನದಲ್ಲಿ ಮನೆ ಕಟ್ಟಿಸಿಕೊಂಡಿದ್ದ ಮತ್ತೊಬ್ಬ ಚಿತ್ರಕಾರ ವ್ಯಾಲ್ ಪ್ರಿನ್ಸೆಪ್ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅವರ ಅಣ್ಣನ ಮಗ ಅವರು. ಹೀಗೆ ಆ ಬೀದಿಯಲ್ಲಿ ಒಬ್ಬೊಬ್ಬರಾಗಿ ಕಲಾವಿದರು ನೆಲೆಸಿ, ಅದು ಕಲಾವಿದರ ಬಡಾವಣೆಯೇ ಆಯಿತು.

ಲೇಟನ್ ಮನೆ ಒಂದೇ ಸಲಕ್ಕೆ ಮುಗಿದ ಕಟ್ಟಡವಲ್ಲ. ಸುಮಾರು ಮೂವತ್ತು ವರ್ಷಗಳ ಕಾಲ ಅದು ಬೆಳೆಯುತ್ತಲೇ ಹೋಯಿತು. ಮೊದಲು ಚಿತ್ರಶಾಲೆಯನ್ನು ದೊಡ್ಡದು ಮಾಡಲಾಯಿತು. 1877ರಲ್ಲಿ ಅರಬ್ ಹಾಲ್ ಎಂಬ ಪ್ರಸಿದ್ಧ ಕೋಣೆಯ ಕೆಲಸ ಆರಂಭವಾಗಿ, ಒಳಗಿನ ಅಲಂಕಾರ ಮುಗಿಯುವಷ್ಟರಲ್ಲಿ 1880 ದಾಟಿತ್ತು. 1889-90ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಗಾಜಿನ ಚಳಿಗಾಲದ ಚಿತ್ರಶಾಲೆ ಬಂತು. ಕೊನೆಯದಾಗಿ, ಲೇಟನ್ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಗೋಡೆಗೆ ರೇಷ್ಮೆ ಬಟ್ಟೆ ಹೊದಿಸಿದ ಚಿತ್ರಗಳ ಕೋಣೆ ಸೇರಿತು. ಇಷ್ಟು ಸಲ ವಿಸ್ತರಿಸಿದರೂ ವಾಸ್ತುಶಿಲ್ಪಿ ಬದಲಾಗಲಿಲ್ಲ. ಮನೆಯ ಬೇರೆ ಬೇರೆ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ.

ಹೊರಗೆ ಸರಳ, ಒಳಗೆ ಸಮೃದ್ಧ

ರಸ್ತೆಯಿಂದ ನೋಡಿದರೆ ಕೆಂಪು ಇಟ್ಟಿಗೆಯ ಸೌಮ್ಯವಾದ ಮುಖ. ಅಲ್ಲಲ್ಲಿ ಕಲ್ಲಿನ ಅಂಚು. ಗುಂಬಜ್ ಒಂದು ಕಾಣಿಸದಿದ್ದರೆ ಒಳಗೆ ಇಂಥದ್ದೊಂದು ಇದೆಯೆಂದು ಯಾರೂ ಊಹಿಸಲಾರರು. ಇದು ಗಮನಿಸಬೇಕಾದ ಅಂಶ. ದಮಾಸ್ಕಸ್‌ನ ಹಳೆಯ ಮನೆಗಳ ಗುಣವೂ ಇದೇ. ಅಲ್ಲಿಯೂ ಗಲ್ಲಿಯ ಕಡೆಗೆ ಬರಿಯ ಮಣ್ಣಿನ ಗೋಡೆ, ಒಂದು ಬಾಗಿಲು. ಒಳಗೆ ಹೋದರೆ ಅಂಗಳ, ನೀರಿನ ಹೌಜು, ಮರಗಳು, ಬಣ್ಣದ ಗೋಡೆಗಳು. ಸಂಪತ್ತನ್ನು ಬೀದಿಗೆ ತೋರಿಸದೆ ಮನೆಯವರಿಗೂ ಅತಿಥಿಗಳಿಗೂ ಮೀಸಲಿಡುವ ಪದ್ಧತಿ ಅದು.

ಬಾಗಿಲು ದಾಟಿದರೆ ಮೆಟ್ಟಿಲುಗಳ ಹಜಾರ. ಅದರ ಪಕ್ಕದಲ್ಲಿ ನಾರ್ಸಿಸಸ್ ಹಾಲ್ ಎಂಬ ಚಿಕ್ಕ ಕೋಣೆ. ಪಾಂಪೆಯಲ್ಲಿ ದೊರೆತ ಒಂದು ಕಂಚಿನ ವಿಗ್ರಹದ ಪ್ರತಿಕೃತಿ ಇಲ್ಲಿ ಇದ್ದುದರಿಂದ ಈ ಹೆಸರು. ಈ ಕೋಣೆಯ ಗೋಡೆಗಳಿಗೆ ಚಿತ್ರವಿಲ್ಲದ, ನವಿಲಿನ ಕೊರಳಿನಂತಹ ಗಾಢ ನೀಲಿ ಬಣ್ಣದ ಟೈಲ್ಸ್. ಇವು ಹಳೆಯವಲ್ಲ, ವಿಲಿಯಂ ಡಿ ಮಾರ್ಗನ್ ಎಂಬ ಇಂಗ್ಲಿಷ್ ಕುಶಲಕರ್ಮಿ ಈ ಮನೆಗೆಂದೇ ಮಾಡಿಕೊಟ್ಟವು. ಇಲ್ಲಿ ಬೆಳಕು ಕಡಿಮೆ. ಮುಂದಿನ ಕೋಣೆಗೆ ಕಾಲಿಟ್ಟ ಕೂಡಲೇ ಸೂರು ಎರಡು ಅಂತಸ್ತಿನ ಎತ್ತರಕ್ಕೆ ಏರುತ್ತದೆ. ಕತ್ತಲಿನಿಂದ ಬೆಳಕಿಗೆ, ತಗ್ಗಿನಿಂದ ಎತ್ತರಕ್ಕೆ ಕರೆದೊಯ್ಯುವ ಈ ಉಪಾಯ ವಾಸ್ತುಶಿಲ್ಪದಲ್ಲಿ ಬಹಳ ಹಳೆಯದು. ಏಚಿಸನ್ ಅದನ್ನು ಇಲ್ಲಿ ಚೆನ್ನಾಗಿ ಬಳಸಿದ್ದಾರೆ.

ಈ ಎತ್ತರದ ಕೋಣೆಯೇ ಅರಬ್ ಹಾಲ್. ಇದರ ಮಾದರಿ ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿದೆ. ಅಲ್ಲಿ 12ನೇ ಶತಮಾನದಲ್ಲಿ ನಾರ್ಮನ್ ರಾಜರು ಕಟ್ಟಿಸಿದ ಲಾ ಜಿಸಾ ಎಂಬ ಅರಮನೆ ಇದೆ. ಅಲ್ ಅಜೀಜಾ ಎಂಬ ಅರಬಿ ಪದವೇ ಜಿಸಾ ಆಗಿದೆ. ರಾಜರು ಕ್ರೈಸ್ತರು, ಆದರೆ ಕಟ್ಟಡದ ಶೈಲಿ ಅರಬಿ. ಆ ಅರಮನೆಯ ಮಧ್ಯದ ಕೋಣೆಯಲ್ಲಿ ನೀರಿನ ಕಾರಂಜಿ ಹರಿಯುವ ವ್ಯವಸ್ಥೆ ಇತ್ತು. ಲೇಟನ್ ಮನೆಯಲ್ಲಿಯೂ ಕೋಣೆಯ ನಡುವೆ ಒಂದೇ ಕರಿ ಅಮೃತಶಿಲೆಯಲ್ಲಿ ಕಡೆದ ಚಿಕ್ಕ ಹೌಜು ಇದೆ, ಅದರ ನಡುವೆ ಕಾರಂಜಿ. ಮೇಲೆ ಗುಂಬಜ್. ಗುಂಬಜಿನ ಸುತ್ತ ಬಣ್ಣದ ಗಾಜಿನ ಸಣ್ಣ ಕಿಟಕಿಗಳು. ಕೆಳಗಿನ ಕಿಟಕಿಗಳಿಗೆ ಮರದ ಜಾಲಿ. ಮೇಲಿನ ಅಂತಸ್ತಿನಿಂದ ಕೋಣೆಯನ್ನು ನೋಡಲು ಚಾಚಿಕೊಂಡಿರುವ ಒಂದು ಮರದ ಜಾಲಿ ಕಿಟಕಿಯೂ ಇದೆ. ಅದನ್ನು ಮನೆಯವರು ಕರೆಯುತ್ತಿದ್ದುದು ಜನಾನಾ ಎಂದೇ.

ಜಾಲಿಯ ಕೆಲಸವನ್ನು ನೀವು ನಮ್ಮ ಹಳೆಯ ಮನೆಗಳಲ್ಲಿಯೂ ನೋಡಿರುತ್ತೀರಿ. ಬಿಸಿಲನ್ನು ಸೋಸಿ ಒಳಗೆ ಬಿಡುವುದು, ಗಾಳಿಯನ್ನು ಹರಿಯಗೊಡುವುದು, ಒಳಗಿನವರನ್ನು ಹೊರಗಿನವರ ಕಣ್ಣಿನಿಂದ ಮರೆಮಾಡುವುದು. ಈ ಮೂರೂ ಉಪಯೋಗಗಳು ಬಿಸಿಲಿನ ನಾಡಿಗೆ ಸಂಬಂಧಿಸಿದವು. ಲಂಡನ್ನಿನಲ್ಲಿ ಬಿಸಿಲೇ ಅಪರೂಪ. ಆದ್ದರಿಂದ ಅಲ್ಲಿ ಜಾಲಿಯ ಹಿಂದಿನ ಕೋಣೆ ಮಬ್ಬಾಗಿಯೇ ಇರುತ್ತದೆ. ಆ ಮಬ್ಬಿಗೆ ಉತ್ತರವೆಂಬಂತೆ ಟೈಲ್ಸ್ ಮೇಲೆ ಸುತ್ತಲೂ ಚಿನ್ನದ ಬಣ್ಣದ ಮೊಸಾಯಿಕ್ ಪಟ್ಟಿಯಿದೆ. ವಾಲ್ಟರ್ ಕ್ರೇನ್ ಎಂಬ ಕಲಾವಿದ ಅದನ್ನು ರಚಿಸಿದರು. ಮೊಸಾಯಿಕ್ ಕೆಲಸ ವೆನಿಸ್‌ನಲ್ಲಿ ನಡೆಯಿತು. ಸ್ವಲ್ಪ ಬೆಳಕು ಬಿದ್ದರೂ ಆ ಪಟ್ಟಿ ಮಿನುಗುತ್ತದೆ.

ಮೇಲಂತಸ್ತಿನಲ್ಲಿ ಇಡೀ ಮನೆಯ ಮುಖ್ಯ ಭಾಗವಾದ ಚಿತ್ರಶಾಲೆ. ಅದರ ದೊಡ್ಡ ಕಿಟಕಿ ಉತ್ತರಕ್ಕೆ. ಉತ್ತರದ ಬೆಳಕಿನಲ್ಲಿ ನೇರ ಬಿಸಿಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ನೆರಳು ಹೆಚ್ಚು ಕದಲುವುದಿಲ್ಲ. ಚಿತ್ರಕಾರನಿಗೆ ಇದು ಬೇಕು. ದೊಡ್ಡ ಚಿತ್ರಗಳನ್ನು ಹೊರಗೆ ಸಾಗಿಸಲು ಎತ್ತರದ, ಕಿರಿದಾದ ಬೇರೆಯೇ ದಾರಿ. ಚಿತ್ರಕ್ಕೆ ರೂಪದರ್ಶಿಗಳಾಗಿ ಬರುವವರಿಗೆ ಹಿಂದಿನ ಮೆಟ್ಟಿಲು. ಇಷ್ಟೆಲ್ಲ ಇರುವ ಮನೆಯಲ್ಲಿ ಯಜಮಾನರಿಗೆ ಮಲಗುವ ಕೋಣೆ ಒಂದೇ ಒಂದು, ಅದೂ ತೀರ ಸರಳವಾದದ್ದು. ರಾತ್ರಿ ತಂಗಲು ಅತಿಥಿಗಳಿಗೆ ಕೋಣೆಯೇ ಇಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಇದೇ ಮನೆಯ ಹಣೆಬರಹವನ್ನು ನಿರ್ಧರಿಸಿತು.

ಗೋಡೆಯ ಮೇಲಿನ ನೀಲಿ

ಈಗ ಟೈಲ್ಸ್ ವಿಷಯಕ್ಕೆ ಬರೋಣ. ಅರಬ್ ಹಾಲ್‌ನಲ್ಲಿರುವ ಟೈಲ್ಸ್‌ಗಳಲ್ಲಿ ಹೆಚ್ಚಿನವು 16ನೇ ಶತಮಾನದ ಕೊನೆ ಮತ್ತು 17ನೇ ಶತಮಾನದ ಆರಂಭದಲ್ಲಿ ದಮಾಸ್ಕಸ್‌ನಲ್ಲಿ ತಯಾರಾದವು. ಆ ನಗರ 1516ರಲ್ಲಿ ಉಸ್ಮಾನಿಯಾ ಸುಲ್ತಾನರ ಕೈಗೆ ಬಂದಿತ್ತು. ಮುಂದೆ ಸುಲ್ತಾನ್ ಸುಲೇಮಾನ್ ಕಾಲದಲ್ಲಿ ಜೆರುಸಲೇಮಿನ ಕುಬ್ಬತುಸ್ಸಖ್ರಾ ಕಟ್ಟಡದ ಹೊರಗೋಡೆಗೆ ಟೈಲ್ಸ್ ಹೊದಿಸುವ ದೊಡ್ಡ ಕೆಲಸ ನಡೆಯಿತು. ಅಲ್ಲಿನ ಒಂದು ಬರಹದಲ್ಲಿ ತಬ್ರೀಜ್‌ನ ಅಬ್ದುಲ್ಲಾ ಎಂಬ ಕುಶಲಕರ್ಮಿಯ ಹೆಸರಿದೆ. ಆ ಕೆಲಸ ಮುಗಿಸಿದ ಕುಶಲಕರ್ಮಿಗಳಲ್ಲಿ ಕೆಲವರು ದಮಾಸ್ಕಸ್‌ಗೆ ಬಂದು ಅಲ್ಲಿ ಈ ಕಸುಬನ್ನು ಬೆಳೆಸಿದರು ಎಂಬುದು ಇತಿಹಾಸಕಾರರ ಅಭಿಪ್ರಾಯ. ಪ್ರಸಿದ್ಧ ವಾಸ್ತುಶಿಲ್ಪಿ ಸಿನಾನ್ ವಿನ್ಯಾಸ ಮಾಡಿದ, 1550ರ ದಶಕದಲ್ಲಿ ಆರಂಭವಾದ ತಕಿಯಾ ಸುಲೈಮಾನಿಯಾ ಎಂಬ ದಮಾಸ್ಕಸ್‌ನ ಕಟ್ಟಡದಲ್ಲಿಯೂ ಇಂಥ ಟೈಲ್ಸ್ ಇವೆ.

ಇವನ್ನು ತಯಾರಿಸುವ ವಿಧಾನ ಸುಲಭದ್ದಲ್ಲ. ಸಾಮಾನ್ಯ ಜೇಡಿಮಣ್ಣಿನ ಬದಲು ಬೆಣಚುಕಲ್ಲಿನ ನುಣ್ಣನೆಯ ಪುಡಿಗೆ ಸ್ವಲ್ಪ ಗಾಜಿನ ಪುಡಿ ಮತ್ತು ಬಿಳಿ ಜೇಡಿ ಸೇರಿಸಿ ಬಿಲ್ಲೆ ಮಾಡುತ್ತಿದ್ದರು. ಅದರ ಮೇಲೆ ಬಿಳಿಯ ತೆಳು ಲೇಪ. ಆ ಬಿಳಿಯ ಮೇಲೆ ಕುಂಚದಿಂದ ಚಿತ್ರ. ಕೋಬಾಲ್ಟ್‌ನಿಂದ ಗಾಢ ನೀಲಿ, ತಾಮ್ರದಿಂದ ತಿಳಿ ನೀಲಿ ಮತ್ತು ಹಸಿರು, ಮ್ಯಾಂಗನೀಸ್‌ನಿಂದ ನೇರಳೆ. ಅದರ ಮೇಲೆ ಗಾಜಿನಂತೆ ಕರಗುವ ಪಾರದರ್ಶಕ ಲೇಪ ಹಚ್ಚಿ ಭಟ್ಟಿಯಲ್ಲಿ ಸುಡುತ್ತಿದ್ದರು. ಬಣ್ಣ ಗಾಜಿನ ಕೆಳಗೆ ಉಳಿಯುವುದರಿಂದ ನಾನೂರು ವರ್ಷಗಳಾದರೂ ಮಾಸುವುದಿಲ್ಲ. ಅದೇ ಕಾಲದಲ್ಲಿ ತುರ್ಕಿಯ ಇಜ್ನಿಕ್ ಊರಿನ ಟೈಲ್ಸ್ ಇನ್ನೂ ಹೆಚ್ಚು ಹೆಸರುವಾಸಿಯಾಗಿದ್ದವು. ಇಜ್ನಿಕ್‌ನ ವಿಶೇಷ ಒಂದು ಉಬ್ಬಿದ ಕೆಂಪು ಬಣ್ಣ. ದಮಾಸ್ಕಸ್‌ನವರು ಆ ಕೆಂಪನ್ನು ಬಳಸಲಿಲ್ಲ. ನೀಲಿ, ಹಸಿರು, ನೇರಳೆಗಳಲ್ಲಿಯೇ ದ್ರಾಕ್ಷಿ ಬಳ್ಳಿ, ಹೂದಾನಿ, ಸೈಪ್ರಸ್ ಮರಗಳನ್ನು ಬರೆದರು. ಕೆಂಪು ಕಂಡರೆ ಇಜ್ನಿಕ್, ನೇರಳೆ ಕಂಡರೆ ದಮಾಸ್ಕಸ್ ಎಂದು ಸ್ಥೂಲವಾಗಿ ಗುರುತಿಸಬಹುದು.

ಬೀದರ್‌ಗೆ ಹೋಗಿ ಬಂದ ಓದುಗರಿಗೆ ಮಹಮೂದ್ ಗವಾನ್ ಮದ್ರಸಾದ ಗೋಡೆ ನೆನಪಾಗಬಹುದು. 1472ರ ಆ ಕಟ್ಟಡದ ಮುಖದ ಮೇಲೆ ಇಂದಿಗೂ ಉಳಿದಿರುವ ನೀಲಿ, ಹಸಿರು, ಹಳದಿ ಟೈಲ್ಸ್ ಇರಾನಿ ಪದ್ಧತಿಯವು. ದಮಾಸ್ಕಸ್‌ನವು ಕುಂಚದಿಂದ ಚಿತ್ರ ಬರೆದ ಚೌಕ ಬಿಲ್ಲೆಗಳು. ಪದ್ಧತಿ ಬೇರೆಯಾದರೂ ಕುಟುಂಬ ಒಂದೇ. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಮದ್ರಸಾದ ಒಂದು ಭಾಗ ಕುಸಿಯಿತು. ಆದರೂ ಉಳಿದ ಟೈಲ್ಸ್ ತಾವು ಮೊದಲು ಇದ್ದ ಗೋಡೆಯ ಮೇಲೆಯೇ ಇವೆ. ಈ ಮಾತಿನ ಮಹತ್ವ ಮುಂದೆ ತಿಳಿಯುತ್ತದೆ.

ಲೇಟನ್ ಮನೆಯ ಟೈಲ್ಸ್‌ಗಳಲ್ಲಿ ಅತ್ಯಂತ ಗಮನಾರ್ಹವಾದದ್ದು ಬಾಗಿಲಿನ ಮೇಲಿರುವ ಉದ್ದನೆಯ ಬರಹದ ಪಟ್ಟಿ. ಗಾಢ ನೀಲಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು. ಬಿಸ್ಮಿಲ್ಲಾದಿಂದ ಆರಂಭವಾಗಿ ಸೂರಾ ಅರ್‌ರಹ್ಮಾನ್‌ನ ಮೊದಲ ಆಯತ್‌ಗಳು ಅಲ್ಲಿವೆ. ಕರುಣಾಮಯನು ಮನುಷ್ಯನನ್ನು ಸೃಷ್ಟಿಸಿ ಅವನಿಗೆ ಬಯಾನ್ ಕಲಿಸಿದ, ಅಂದರೆ ಮನಸ್ಸಿನಲ್ಲಿರುವುದನ್ನು ಮಾತಿನಲ್ಲಿ ತಿಳಿಯಪಡಿಸುವ ಶಕ್ತಿ ಕೊಟ್ಟ ಎಂಬುದು ಅಲ್ಲಿ ಬರುವ ಆಶಯ. ಉರ್ದು ಬಲ್ಲವರಿಗೆ ಬಯಾನ್ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ಸೂರ್ಯ ಚಂದ್ರರು ಒಂದು ಲೆಕ್ಕಕ್ಕೆ ಒಳಪಟ್ಟು ನಡೆಯುವ ಮಾತೂ ಮುಂದೆ ಬರುತ್ತದೆ. ಬರಹಗಾರನ ಕೈ ಪಳಗಿದ್ದು. ಖತ್ತಾತಿಯಲ್ಲಿ ಅಕ್ಷರಗಳ ಎತ್ತರ, ಬಾಗು, ನಡುವಿನ ಖಾಲಿ ಜಾಗ ಎಲ್ಲಕ್ಕೂ ಅಳತೆಯಿದೆ. ಟೈಲ್ಸ್ ಮೇಲೆ ಬರೆಯುವವನಿಗೆ ಇನ್ನೂ ಒಂದು ಕಷ್ಟ: ಒಂದೇ ಅಕ್ಷರ ಎರಡು ಬಿಲ್ಲೆಗಳ ಮೇಲೆ ಹರಡಿದಾಗ, ಎರಡೂ ಭಟ್ಟಿಯಿಂದ ಹೊರಬಂದ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಳ್ಳಬೇಕು.

ಟೈಲ್ಸ್ ಬಂದ ದಾರಿ

ಲೇಟನ್ ಪೂರ್ವದೇಶಗಳನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 1857ರಲ್ಲಿ ಅಲ್ಜೀರಿಯಾ, 1867ರಲ್ಲಿ ತುರ್ಕಿ, 1868ರಲ್ಲಿ ಈಜಿಪ್ಟ್, 1873ರಲ್ಲಿ ದಮಾಸ್ಕಸ್ ಪ್ರವಾಸ ಮಾಡಿದ್ದರು. ಹೋದಲ್ಲೆಲ್ಲ ಅಲ್ಲಿನ ಕಟ್ಟಡಗಳನ್ನು, ಕರಕುಶಲ ವಸ್ತುಗಳನ್ನು ಆಸಕ್ತಿಯಿಂದ ನೋಡಿದರು, ಕೊಂಡರು. ಜೊತೆಗೆ ಬೇರೆಯವರಿಂದಲೂ ತರಿಸಿಕೊಂಡರು. ಅವರಲ್ಲಿ ಮುಖ್ಯರಾದವರು ರಿಚರ್ಡ್ ಬರ್ಟನ್. ಅರಬಿ ಭಾಷೆ ಚೆನ್ನಾಗಿ ಬಲ್ಲ, ಪ್ರವಾಸಕ್ಕೆ ಹೆಸರಾದ ಬರ್ಟನ್ 1869ರಿಂದ 1871ರವರೆಗೆ ದಮಾಸ್ಕಸ್‌ನಲ್ಲಿ ಬ್ರಿಟಿಷ್ ಕಾನ್ಸಲ್ ಆಗಿದ್ದರು.

1871ರ ಮಾರ್ಚ್ ತಿಂಗಳಲ್ಲಿ ಬರ್ಟನ್ ಅಲ್ಲಿಂದ ಲೇಟನ್ ಅವರಿಗೆ ಬರೆದ ಒಂದು ಪತ್ರ ಉಳಿದುಬಂದಿದೆ. ನಿಮಗಾಗಿ ಒಂದು ಮನೆಯನ್ನೇ ಕೆಡವಿಸಲು ನಾನು ಈಗಲೂ ಸಿದ್ಧ, ಆದರೆ ಟೈಲ್ಸ್ ಇರುವ ಮನೆ ಸಿಗುವುದೇ ಕಷ್ಟವಾಗಿದೆ ಎಂಬ ಅರ್ಥದ ಮಾತು ಅದರಲ್ಲಿದೆ. ಹಳೆಯ ಸಾಮಾನಿನ ವ್ಯಾಪಾರಿಗಳು ಅವುಗಳ ಬೆಲೆ ತಿಳಿದುಕೊಂಡು ಕಳಪೆ ಮಾಲಿಗೂ ಬಾಯಿಗೆ ಬಂದ ದರ ಕೇಳುತ್ತಿದ್ದಾರೆ, ಒಳ್ಳೆಯವು ದಿನೇ ದಿನೇ ಅಪರೂಪವಾಗುತ್ತಿವೆ ಎಂದೂ ಹೇಳುತ್ತಾರೆ. ಮುಂದೆ 1876ರಲ್ಲಿ ಇನ್ನೊಂದು ಪತ್ರದಲ್ಲಿ, ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿರುವ ಒಂದು ಮಕ್ಬರಾದ ಕೆಲವು ಟೈಲ್ಸ್ ತಂದಿರುವುದಾಗಿ ತಿಳಿಸುತ್ತಾರೆ. ಸಿಂಧ್ ಆಗ ಬ್ರಿಟಿಷ್ ಇಂಡಿಯಾದ ಭಾಗ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಕ್ಯಾಸ್ಪರ್ ಪರ್ಡನ್ ಕ್ಲಾರ್ಕ್ ಕೂಡ ದಮಾಸ್ಕಸ್‌ಗೆ ಹೋದಾಗ ಲೇಟನ್ ಅವರಿಗಾಗಿ ಟೈಲ್ಸ್ ಖರೀದಿಸಿದರು.

ಓದುಗರೇ, ಬರ್ಟನ್ ಅವರ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಅದನ್ನು ತಮಾಷೆಗೆ ಬರೆದಿರಬಹುದು. ಆದರೆ ಟೈಲ್ಸ್ ಗೋಡೆಯಿಂದ ತಾವಾಗಿ ಕಳಚಿ ಬರುವುದಿಲ್ಲ. ಲಂಡನ್ನಿನ ಒಂದು ಗೋಡೆ ತುಂಬಬೇಕಾದರೆ ಬೇರೆಲ್ಲೋ ಒಂದು ಗೋಡೆ ಬರಿದಾಗಲೇಬೇಕು.

ಬಂದ ಟೈಲ್ಸ್‌ಗಳಲ್ಲಿ ಕೆಲವು ಒಡೆದಿದ್ದವು, ಕೆಲವು ಅಪೂರ್ಣವಾಗಿದ್ದವು. ಅವನ್ನು ಜೋಡಿಸುವ ಕೆಲಸವನ್ನು ವಹಿಸಿಕೊಂಡವರು ಮೇಲೆ ಹೇಳಿದ ಡಿ ಮಾರ್ಗನ್. ಇಲ್ಲದ ಬಿಲ್ಲೆಯ ಜಾಗಕ್ಕೆ ಹೊಂದುವ ಹೊಸ ಬಿಲ್ಲೆಯನ್ನು ಅವರೇ ತಯಾರಿಸಬೇಕಾಯಿತು. ಹಾಗೆ ಮಾಡಲು ಹಳೆಯ ದಮಾಸ್ಕಸ್ ಕುಶಲಕರ್ಮಿಯ ಬಣ್ಣವನ್ನೂ ಕುಂಚದ ನಡೆಯನ್ನೂ ಅವರು ಅಭ್ಯಾಸ ಮಾಡಿದರು. ಇಂದು ನೋಡುವವರಿಗೆ ಹಳೆಯದು ಯಾವುದು, ಡಿ ಮಾರ್ಗನ್ ಅವರದು ಯಾವುದು ಎಂದು ತಟ್ಟನೆ ಹೇಳಲಾಗದು. ಮುನ್ನೂರು ವರ್ಷಗಳ ಅಂತರದ ಇಬ್ಬರು ಕೆಲಸಗಾರರು ಒಂದೇ ಗೋಡೆಯಲ್ಲಿ ಕೂಡಿದ್ದಾರೆ. ವ್ಯತ್ಯಾಸ ಇಷ್ಟೇ: ಒಬ್ಬರ ಹೆಸರು ಎಲ್ಲ ಪುಸ್ತಕಗಳಲ್ಲಿದೆ, ಇನ್ನೊಬ್ಬರ ಹೆಸರು ಎಲ್ಲಿಯೂ ಇಲ್ಲ.

ಹರಾಜು ಮತ್ತು ಉಳಿವು

1896ರ ಜನವರಿ 25ರಂದು ಲೇಟನ್ ತೀರಿಕೊಂಡರು. ಅದರ ಹಿಂದಿನ ದಿನವಷ್ಟೇ ಅವರಿಗೆ ಬ್ಯಾರನ್ ಪದವಿ ದೊರೆತಿತ್ತು. ಇಂಗ್ಲೆಂಡಿನ ಚಿತ್ರಕಾರರಲ್ಲಿ ಅಂತಹ ಗೌರವ ಪಡೆದ ಮೊದಲಿಗರು ಅವರೇ. ಮಕ್ಕಳಿಲ್ಲದ ಕಾರಣ ಪದವಿ ಒಂದೇ ದಿನದಲ್ಲಿ ಕೊನೆಗೊಂಡಿತು. ಆಸ್ತಿ ಇಬ್ಬರು ಸಹೋದರಿಯರಿಗೆ ಬಂತು. ಅದೇ ವರ್ಷದ ಜುಲೈನಲ್ಲಿ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಎಂಟು ದಿನಗಳ ಕಾಲ ಮನೆಯ ಸಾಮಾನುಗಳ ಹರಾಜು ನಡೆಯಿತು. ಚಿತ್ರಗಳು, ಜಮಖಾನೆಗಳು, ಪಿಂಗಾಣಿ ಪಾತ್ರೆಗಳು ಎಲ್ಲವೂ ಹರಾಜಾಗಿ ಚದುರಿಹೋದವು. ಲೇಟನ್ ಸಾಯುವ ಮುನ್ನಿನ ವರ್ಷ ಅದೇ ಚಿತ್ರಶಾಲೆಯಲ್ಲಿ ಬರೆದು ಮುಗಿಸಿದ ಅವರ ಅತ್ಯಂತ ಪ್ರಸಿದ್ಧ ಚಿತ್ರ ಫ್ಲೇಮಿಂಗ್ ಜೂನ್ ಕೂಡ ಮುಂದೆ ಕೈಯಿಂದ ಕೈಗೆ ಹೋಗಿ, 1960ರ ದಶಕದಲ್ಲಿ ದೂರದ ಪೋರ್ಟೊರಿಕೊ ದ್ವೀಪದ ವಸ್ತುಸಂಗ್ರಹಾಲಯವನ್ನು ಸೇರಿತು.

ಮಾರಲು ಸಾಧ್ಯವಾದದ್ದೆಲ್ಲ ಹೋಯಿತು. ಗೋಡೆಗೆ ಅಂಟಿದ್ದು ಮಾತ್ರ ಉಳಿಯಿತು. ಮನೆಯನ್ನೂ ಮಾರುವ ಪ್ರಯತ್ನ ನಡೆಯಿತು. ಆದರೆ ಒಂದೇ ಮಲಗುವ ಕೋಣೆಯ ಮನೆಯನ್ನು ಯಾವ ಸಂಸಾರಸ್ಥರು ಕೊಳ್ಳುತ್ತಾರೆ? ಕೊಳ್ಳುವವರು ಮುಂದೆ ಬರಲಿಲ್ಲ. ಮನೆಯ ಕೊರತೆ ಎನಿಸಿಕೊಂಡದ್ದೇ ಅದನ್ನು ಕಾಪಾಡಿತು!

ಆದರೆ ಅದೃಷ್ಟವೊಂದರಿಂದಲೇ ಮನೆ ಉಳಿಯುವುದಿಲ್ಲ. ನೆರೆಯಲ್ಲಿದ್ದ ಎಮಿಲಿ ಬ್ಯಾರಿಂಗ್ಟನ್ ಎಂಬ ಮಹಿಳೆ ಸಮಿತಿ ಕಟ್ಟಿಕೊಂಡು ಮನೆಯನ್ನು ಸಾರ್ವಜನಿಕರಿಗೆ ತೆರೆಯಲು ಶ್ರಮಿಸಿದರು. ಲೇಟನ್ ಅವರ ಪತ್ರಗಳನ್ನು ಸಂಗ್ರಹಿಸಿ ಅವರ ಜೀವನಚರಿತ್ರೆಯನ್ನೂ ಬರೆದರು. 1906ರಲ್ಲಿ ಅದು ಎರಡು ಸಂಪುಟಗಳಲ್ಲಿ ಹೊರಬಂತು. ಬರ್ಟನ್ ಅವರ ಪತ್ರಗಳು ಇಂದು ನಮಗೆ ಓದಲು ಸಿಗುವುದು ಅವರ ಈ ಶ್ರಮದಿಂದಲೇ. 1920ರ ದಶಕದಲ್ಲಿ ಮನೆ ಕೆನ್ಸಿಂಗ್ಟನ್ ಸ್ಥಳೀಯ ಆಡಳಿತದ ಕೈಗೆ ಬಂತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಾನಿಯಾಯಿತು, ಮತ್ತೆ ದುರಸ್ತಿಯಾಯಿತು. ನಡುವೆ ವಿಕ್ಟೋರಿಯಾ ಕಾಲದ ಕಟ್ಟಡಗಳೆಂದರೆ ಜನರಿಗೆ ಅಸಡ್ಡೆಯಿದ್ದ ದಿನಗಳು ಬಂದವು. ಆಗ ಇಲ್ಲಿನ ಬಣ್ಣದ ಗೋಡೆಗಳಿಗೂ ಬಿಳಿ ಬಣ್ಣ ಬಳಿಯಲಾಯಿತು. ನಂತರ ತಿಳಿವಳಿಕೆ ಮೂಡಿ, ಹಳೆಯ ಫೋಟೋ ಮತ್ತು ದಾಖಲೆಗಳನ್ನು ಹುಡುಕಿ ಒಂದೊಂದೇ ಕೋಣೆಯನ್ನು ಮೊದಲಿನ ಸ್ಥಿತಿಗೆ ತರಲಾಯಿತು. 2008ರಿಂದ 2010ರವರೆಗೆ ಒಂದು ದೊಡ್ಡ ಜೀರ್ಣೋದ್ಧಾರ ನಡೆಯಿತು. ಮತ್ತೊಂದು ಮುಗಿದು 2022ರ ಅಕ್ಟೋಬರ್‌ನಲ್ಲಿ ಮನೆ ಪುನಃ ತೆರೆಯಿತು. ಆಗ ಸೇರಿಸಿದ ಹೊಸ ಸುರುಳಿ ಮೆಟ್ಟಿಲಿನ ಗೋಡೆಗೆ ಇರಾನಿ ಮೂಲದ ಕಲಾವಿದೆ ಶಹರ್‌ಜಾದ್ ಗಫಾರಿ, ಮೌಲಾನಾ ರೂಮಿಯವರ ಕಾವ್ಯದಿಂದ ಪ್ರೇರಣೆ ಪಡೆದು ತಿಳಿನೀಲಿಯ ಭಿತ್ತಿಚಿತ್ರ ರಚಿಸಿದರು. ಈ ಸಲ ಪೂರ್ವದ ಕಲೆ ಈ ಮನೆಗೆ ಕಲಾವಿದೆಯ ಹೆಸರಿನ ಸಮೇತ ಬಂತು!

ಕಾನೂನು ಏನು ಮಾಡುತ್ತದೆ?

ಇಂಗ್ಲೆಂಡಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1882ರಲ್ಲಿ ಮೊದಲ ಕಾನೂನು ಬಂತು. ಜನ ವಾಸಿಸುವ ಮನೆಗಳು ಅದರಲ್ಲಿ ಬರುತ್ತಿರಲಿಲ್ಲ. ಬಾಂಬ್ ದಾಳಿಯಲ್ಲಿ ನಗರಗಳು ಹಾಳಾದ ಮೇಲೆ 1944 ಮತ್ತು 1947ರ ನಗರ ಯೋಜನಾ ಕಾನೂನುಗಳ ಮೂಲಕ, ಉಳಿಸಬೇಕಾದ ಕಟ್ಟಡಗಳ ಪಟ್ಟಿ ಮಾಡುವ ಪದ್ಧತಿ ಆರಂಭವಾಯಿತು. ಪಟ್ಟಿಯಲ್ಲಿ ಮೂರು ದರ್ಜೆಗಳಿವೆ: ಒಂದನೇ ದರ್ಜೆ, ಎರಡನೇ ದರ್ಜೆ, ಇವೆರಡರ ನಡುವೆ ನಕ್ಷತ್ರ ಚಿಹ್ನೆಯ ಎರಡನೇ ದರ್ಜೆ. ಲೇಟನ್ ಹೌಸ್ ನಕ್ಷತ್ರ ಚಿಹ್ನೆಯದು. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ನೂರಕ್ಕೆ ಸುಮಾರು ಆರು ಮಾತ್ರ ಈ ದರ್ಜೆಯವು. ಪಟ್ಟಿಗೆ ಸೇರಿದ ಮನೆಯನ್ನು ಅದರ ಒಡೆಯನೂ ಅನುಮತಿಯಿಲ್ಲದೆ ಕೆಡವುವಂತಿಲ್ಲ, ಅದರ ಸ್ವರೂಪ ಬದಲಾಗುವಂತೆ ಮಾರ್ಪಡಿಸುವಂತಿಲ್ಲ. ಮಾಡಿದರೆ ಅಪರಾಧ.

ನಮ್ಮಲ್ಲಿ 1904ರಲ್ಲಿ ಮತ್ತು ಸ್ವಾತಂತ್ರ್ಯಾನಂತರ 1958ರಲ್ಲಿ ಸ್ಮಾರಕಗಳ ಕಾನೂನುಗಳು ಬಂದವು. ಬೀದರ್‌ನ ಮದ್ರಸಾಕ್ಕೆ ರಕ್ಷಣೆ ದೊರೆತಿರುವುದು ಇಂಥ ಕಾನೂನಿನಿಂದಲೇ. ಆದರೆ ಊರೂರಿನ ಹಳೆಯ ಮನೆಗಳಲ್ಲಿ ಬಹುಪಾಲು ಇಂದಿಗೂ ಯಾವ ಪಟ್ಟಿಯಲ್ಲಿಯೂ ಇಲ್ಲ.

ತೂಗಿ ನೋಡಿದಾಗ

ಹಾಗಾದರೆ ಲೇಟನ್ ಮಾಡಿದ್ದು ಸರಿಯೋ ತಪ್ಪೋ? ಒಂದು ಕಡೆಯಿಂದ ನೋಡಿದರೆ, ಅವರ ಕಾಲದ ಅನೇಕ ಯುರೋಪಿಯನ್ನರು ಮುಸ್ಲಿಂ ನಾಡುಗಳನ್ನು ಹಿಂದುಳಿದವು ಎಂದು ಹೀನಾಯವಾಗಿ ಕಂಡಾಗ ಲೇಟನ್ ಆ ನಾಡಿನ ಕುಶಲಕರ್ಮಿಯ ಕೆಲಸವನ್ನು ತಮ್ಮ ಮನೆಯ ಅತ್ಯುತ್ತಮ ಕೋಣೆಯಲ್ಲಿ ಗೌರವದಿಂದ ಇರಿಸಿದರು. ಅವರ ಗೋಡೆ ಸೇರಿದ ಟೈಲ್ಸ್ ಇಂದು ಸುರಕ್ಷಿತವಾಗಿವೆ. ಇದು ಸತ್ಯ. ಇನ್ನೊಂದು ಕಡೆಯಿಂದ ನೋಡಿದರೆ, ಒಂದು ದೇಶದ ಗೋಡೆಯನ್ನು ಕಾನೂನು ಕಾಯುತ್ತಿದೆ, ಆ ಗೋಡೆಗಾಗಿ ಬಿಚ್ಚಿದ ಇನ್ನೊಂದು ದೇಶದ ಗೋಡೆಯನ್ನು ಯಾರೂ ಕಾಯಲಿಲ್ಲ. ಇದೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ನಷ್ಟ ಬೇರೆ. ಲೇಟನ್ ಮನೆಯ ಬಗ್ಗೆ ನಮಗೆ ವರ್ಷ, ಹೆಸರು, ಪತ್ರ, ನಕ್ಷೆ, ಹರಾಜಿನ ದಿನ ಎಲ್ಲವೂ ಗೊತ್ತು. ಏಕೆಂದರೆ ಬರೆದಿಟ್ಟವರಿದ್ದರು. ಆದರೆ ಆ ಟೈಲ್ಸ್ ಮೊದಲು ಇದ್ದ ಮನೆಗಳ ಬಗ್ಗೆ? ಮಾರಿದವರು ಬರೆದಿಡಲಿಲ್ಲ, ಕೊಂಡವರು ಕೇಳಲಿಲ್ಲ. ಮನುಷ್ಯನಿಗೆ ಬಯಾನ್ ಕಲಿಸಲಾಯಿತು ಎಂದು ಸಾರುವ ಗೋಡೆಯ ಸುತ್ತಲಿನ ಆ ನೀಲಿ ಬಿಲ್ಲೆಗಳಿಗೆ ತಮ್ಮ ಮೂಲ ಮನೆಯ ಬಯಾನ್ ಇಲ್ಲ. ಬಿಲ್ಲೆ ಉಳಿಯಿತು, ವಿಳಾಸ ಅಳಿಯಿತು.

ಈ ನಷ್ಟವನ್ನು ನಮ್ಮ ಊರುಗಳಲ್ಲಿ ನಾವು ತಡೆಯಬಹುದು. ಎಲ್ಲ ಹಳೆಯ ಮನೆಗಳನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳಲಾರೆ. ಸಂಸಾರ ಬೆಳೆಯುತ್ತದೆ, ಗೋಡೆ ಬಿರುಕು ಬಿಡುತ್ತದೆ, ಪಾಲು ಹಂಚಿಕೆಯಾಗುತ್ತದೆ. ಕೆಡವಬೇಕಾದ ಮನೆಯನ್ನು ಕೆಡವಲೇಬೇಕಾಗುತ್ತದೆ. ಆದರೆ ಕೆಡವುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಬಾಗಿಲು, ಕಮಾನು, ಜಾಲಿ, ಕಂಬಗಳ ಫೋಟೋ ತೆಗೆಯಿರಿ. ಕೋಣೆಗಳ ಅಳತೆ ಹಿಡಿದು ಒಂದು ನಕ್ಷೆ ಬರೆಯಿರಿ. ಕಟ್ಟಿಸಿದವರು ಯಾರು, ಯಾವ ವರ್ಷ, ಮರ ಎಲ್ಲಿಂದ ಬಂತು, ಮಿಸ್ತ್ರಿಯ ಹೆಸರೇನು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಹಳೆಯ ಬಾಗಿಲನ್ನು ಗುಜರಿಗೆ ಅಥವಾ ಪೇಟೆಯ ವ್ಯಾಪಾರಿಗೆ ಮಾರುವುದಾದರೂ ಅದು ಯಾವ ಮನೆಯದೆಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಮಸೀದಿ, ದರ್ಗಾಗಳ ಜೀರ್ಣೋದ್ಧಾರ ಮಾಡುವ ಸಮಿತಿಯವರೂ ಹಳೆಯ ಬರಹದ ಕಲ್ಲಿಗೆ ಸುಣ್ಣ ಬಳಿಯುವ ಮೊದಲು ಅದನ್ನು ಓದಬಲ್ಲವರನ್ನು ಕರೆಸಲಿ. ಪ್ರೌಢಶಾಲೆಯ ಮಕ್ಕಳಿಗೆ ರಜೆಯಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಯಾವುದಿದೆ? ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ಒಂದು ನೋಟ್‌ಬುಕ್ಕಿನ ನಾಲ್ಕು ಪುಟ ಸಾಕು.

ದಮಾಸ್ಕಸ್‌ನ ಆ ಕುಶಲಕರ್ಮಿಯ ಹೆಸರನ್ನು ಹುಡುಕಲು ಈಗ ದಾರಿಯಿಲ್ಲ. ನಿಮ್ಮ ಅಜ್ಜನ ಮನೆಯ ಕಮಾನು ಕಟ್ಟಿದ ಮಿಸ್ತ್ರಿಯ ಹೆಸರು ಮಾತ್ರ ನಿಮ್ಮ ಮನೆಯ ಯಾರಿಗಾದರೂ ಇನ್ನೂ ನೆನಪಿರಬಹುದು. ಕೇಳಿ ನೋಡಿ.